ಮಾರಿ ಗುಡಿಸಲಿನ ಒಕ್ಕಲು

ಹುಲಿಯಮ್ಮನ ಮನೆಯಲ್ಲಿ ನೆಟ್ಟಗೆ ನಿಲ್ಲುವ ಒಂದು ಮೊಣಕಾಲೂ ಇರಲಿಲ್ಲ. ಗಂಡ ಗಿಡ್ಡಯ್ಯನವು ಎರಡೂ ಬಾತು ಸೋರೆಬುರುಡೆ ಆಗಿದ್ದವು. ಅವಳವು ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ಹಾಗಾಗಿ ಕಾಫಿ ಎಸ್ಟೇಟಿನ ರೈಟರ್ ದಯಾನಂದ ಬಂದು ಬಾಗಿಲಿಗೆ ಒದ್ದಾಗ ಇಬ್ಬರೂ ಮಲಗಿದ್ದಲ್ಲಿಂದಲೇ ಮರ್ಯಾದೆ ಕೊಟ್ಟರು.

"ಏಳ್ರೋ ಸೋಮಾರಿ ನನ್ಮಕ್ಳ! ಗಿಡದಾಗೆ ಹಣ್ಣು ಉದುರ್ತಾ ಐತೆ, ಇಲ್ಲಿ ಗಂಡ ಹೆಂಡ್ತಿ ಬಾಣಂತೀರ ಥರ ಬಿದ್ಕಂಡವ್ರೆ!"

"ಏಳಾಕೆ ನಂಗೂ ಆಸೆನೇ ರೈಟ್ರೆ. ಒಂದು ಕೈ ಕೊಡಿ, ಎದ್ಬುಡ್ತೀನಿ" ಎಂದು ಗಿಡ್ಡಯ್ಯ ಕೈ ಚಾಚಿದ.

ದಯಾನಂದ ಎರಡು ಹೆಜ್ಜೆ ಹಿಂದಕ್ಕೆ ಹೋದ. ಆ ಜನರನ್ನು ಮುಟ್ಟದಿರಲು ಅವನಿಗೆ ಮೊದಲೇ ಒಂದು ಕಾರಣವಿತ್ತು. ಈ ವರ್ಷ ಎರಡಾಗಿತ್ತು.

ಅದು ಚಿಕನ್‌ಗುನ್ಯ ಬಂದ ಎರಡು ಸಾವಿರದ ಆರನೇ ಇಸವಿ. ಆಲೂರಿನಿಂದ ಬಿಸಿಲೆಯ ತನಕ ಜನ ಸೊಂಟ ಹಿಡಿದುಕೊಂಡು ಏಡಿಯಂತೆ ನಡೆಯುತ್ತಿದ್ದರು. ಕೋಳಿ ತಿಂದರೆ ಬರುತ್ತದೆ ಎಂದು ಯಾರೋ ಹಬ್ಬಿಸಿ, ಸಕಲೇಶಪುರದ ಸಂತೆಯಲ್ಲಿ ಕೋಳಿ ಕೇಳುವವರಿರಲಿಲ್ಲ. "ನಾವು ಕೋಳಿ ತಿಂದು ಯಾವ ಕಾಲ ಆಯ್ತು! ಕೋಳೀನೇ ಎಲ್ಲೋ ನಮ್ಮುನ್ನ ತಿಂದೈತೆ" ಎಂದು ಗಿಡ್ಡಯ್ಯ ನಗಾಡುತ್ತಿದ್ದ. ನಕ್ಕರೆ ಪಕ್ಕೆ ಹಿಡಿದುಕೊಳ್ಳುತ್ತಿತ್ತು, ಆದರೂ ನಗುತ್ತಿದ್ದ.

"ನಾಳಿಕ್ಕೆ ಬಯಲುಸೀಮೆ ಗ್ಯಾಂಗ್ ಲಾರೀಲಿ ಬತ್ತೈತೆ" ಎಂದ ದಯಾನಂದ. "ಹಣ್ಣು ಕೀಳಾಕೆ. ಅವ್ರಿಗೆ ಮನೆ ಬೇಕು. ನೀವು, ಪಕ್ಕದ ತಿಮ್ಮಯ್ಯ, ಆ ಮುದುಕಿ ಈರಮ್ಮ, ಮೂರೂ ಮನೆ ಸಂಜೆಗೆ ಖಾಲಿ ಆಗ್ಬೇಕು. ಸಾವ್ಕಾರ್ರ ಆರ್ಡರ್ರು. ಲೈನ್ ಮನೆ ಕಟ್ಸಿರಾದು ಕೆಲ್ಸ ಮಾಡೋರಿಗೆ, ನರಳಾಡೋರಿಗಲ್ಲ. ಇವತ್ತಿಂದ ನಿಮ್ಗೆ ಕೆಲ್ಸಾನೂ ಇಲ್ಲ."

"ಈ ಲೈನ್ ಕಟ್ಟುವಾಗ ಕಲ್ಲು ಹೊತ್ತೋನು ನಮ್ಮ ಮಾವ" ಎಂದಳು ಹುಲಿಯಮ್ಮ.

"ಹೊತ್ತಿದ್ದುಕ್ಕೆ ಕೂಲಿ ಕೊಟ್ಟಿರ್ಲಿಲ್ವ?"

"ಕೊಟ್ಟಿಲ್ಲ ಅಂತ ಸಾಯೋಗಂಟ ಬೈತಿದ್ದ."

ಪಕ್ಕದ ಮನೆಯಿಂದ ಈರಮ್ಮ ಕೂಗಿದಳು: "ಯಾರ್ಲಾ ಅದು? ರೈಟ್ರ? ನಿನ್ನ ಮೊಣಕಾಲು ಸೇದೋಗ! ಉಚ್ಚೆ ಹುಯ್ಯಾಕೂ ಇನ್ನೊಬ್ರು ಎತ್ಕಂಡೋಗಂಗಾಗ!" ಎಪ್ಪತ್ತು ದಾಟಿದ ಈರಮ್ಮನಿಗೆ ಮಕ್ಕಳಿಲ್ಲ, ಹಲ್ಲಿಲ್ಲ. ಕಾಯಿಲೆ ಮೈಯೆಲ್ಲ ಹಿಡಿದರೂ ನಾಲಿಗೆಯನ್ನು ಮಾತ್ರ ಹಿಡಿದಿರಲಿಲ್ಲ.

ಹುಲಿಯಮ್ಮ ಗೋಡೆ ಹಿಡಿದು ಎದ್ದಳು. ತಿಮ್ಮಯ್ಯನ ಹೆಂಡತಿ ಮಾದೇವಮ್ಮನನ್ನು ಜೊತೆಗೆ ಕರೆದುಕೊಂಡು ಪಂಚಾಯ್ತಿ ಕಚೇರಿಗೆ ಹೊರಟಳು. ಹತ್ತು ನಿಮಿಷದ ದಾರಿ, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೋಗಿ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು.

ಅಧ್ಯಕ್ಷರ ಕುರ್ಚಿಯಲ್ಲಿ ಅಧ್ಯಕ್ಷೆ ಕಲ್ಯಾಣಮ್ಮ ಇರಲಿಲ್ಲ. ಆಕೆ ಗೆದ್ದ ದಿನದಿಂದ ಆ ಕುರ್ಚಿಯಲ್ಲಿ ಕೂರುತ್ತಿದ್ದವನು ಗಂಡ ಶಾಂತಮಲ್ಲಪ್ಪ, ಇವರನ್ನು ಹೊರಹಾಕುತ್ತಿದ್ದ ಎಸ್ಟೇಟಿನ ಸಾಹುಕಾರ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಎಳನೀರು.

"ಏನ್ರೇ? ಬಾಗ್ಲಾಚೆ ನಿಂತು ಹೇಳಿ."

"ಮನೆ ಬುಡ್ಸಿದ್ರಂತೆ ಬುದ್ಧಿ. ಪಂಚಾಯ್ತೀಲಿ ಕೇಳಾವ ಅಂತ ಬಂದ್ವಿ."

"ಬಿಡ್ಸಿದ್ದು ಎಸ್ಟೇಟು. ಪಂಚಾಯ್ತಿಗೂ ಅದ್ಕೂ ಏನ್ ಸಂಬಂಧ?"

ಎಸ್ಟೇಟೂ ಪಂಚಾಯ್ತಿಯೂ ಒಂದೇ ಸ್ಟ್ರಾದಲ್ಲಿ ಎಳನೀರು ಕುಡಿಯುತ್ತಿರುವುದನ್ನು ಹುಲಿಯಮ್ಮ ನೋಡುತ್ತ ನಿಂತಳು. "ಸಮುದಾಯ ಭವನ ಖಾಲಿ ಐತಲ್ಲ ಬುದ್ಧಿ. ಕಾಲು ಬರೋಗಂಟ ಒಂದು ಮೂಲೆ ಕೊಟ್ರೆ..."

"ಖಾಲಿ ಎಲ್ಲೈತೆ? ಮೆಣಸು ತುಂಬೈತೆ."

"ಮೆಣಸು ಯಾವ ಸಮುದಾಯ ಬುದ್ಧಿ?" ಎಂದಳು ಮಾದೇವಮ್ಮ.

ಒಳಗೆ ಸೆಕ್ರೆಟರಿ ಕೆಮ್ಮಿದ. ಶಾಂತಮಲ್ಲಪ್ಪ ಬುರುಡೆಯನ್ನು ಮೇಜಿನ ಮೇಲೆ ಕುಕ್ಕಿದ. "ಮುಂಡೇವಾ, ತಿನ್ನಾಕೆ ಗತಿ ಇಲ್ದಿದ್ರೂ ಮಾತು ನೋಡು! ಊರಿಗೆ ನಾನೇನು ಕಮ್ಮಿ ಮಾಡೀನಿ? ಮಾರೀನ ಗಡಿ ದಾಟ್ಸಾಕೆ ತಗಡು ಕೊಟ್ಟೋನು ಯಾರು? ಅವ್ಳಿಗೆ ರೇಷ್ಮೆ ಸೀರೆ ಉಡ್ಸಿದೋನು ಯಾರು? ಹೋಗ್ರೇ ಅತ್ಲಾಗೆ!"

ಹೊರಗೆ ಬಂದು ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಹುಲಿಯಮ್ಮ ಮೊಣಕಾಲು ನೀವಿಕೊಳ್ಳುತ್ತ, "ಮಾದೇವಿ, ಆ ತಗಡಿನ ಕೆಳ್ಗೆ ಜಾಗ ಎಷ್ಟೈತೆ ನೋಡಿದ್ಯ?" ಎಂದಳು.

ಮಾದೇವಮ್ಮ ಅವಳ ಮುಖ ನೋಡಿದಳು. "ಅಯ್ಯೋ ನಿನ್ ಮನೆ ಕಾಯ್ವಾಗ!" ಎಂದು ನಗತೊಡಗಿದಳು.

ಊರಿಗೆ ರೋಗ ಬಂದರೆ ಮಾರಿಯನ್ನು ಗಡಿ ದಾಟಿಸುವುದು ಅಲ್ಲಿಯ ಪದ್ಧತಿ. ಮರದ ಮಾರಿಗೆ ಸೀರೆ ಉಡಿಸಿ, ಬಳೆ ತೊಡಿಸಿ, ಹಳ್ಳದ ಬದಿಯ ಗಡಿಕಲ್ಲಿನ ಹತ್ತಿರ ಗುಡಿಸಲು ಹಾಕಿ ಕೂರಿಸಿ, ಹಿಂದಿರುಗಿ ನೋಡದೆ ಬರಬೇಕು. ಹೊರುವುದು ಗಿಡ್ಡಯ್ಯನ ಕುಲದವರ ಕೆಲಸ. ಬೇರೆ ಜಾತಿಯವರು ಯಾರೂ ಅವಳನ್ನು ಮುಟ್ಟುವಂತಿಲ್ಲ. ಮುಟ್ಟಿದವರ ಮನೆಗೇ ಬಂದು ಕೂರುತ್ತಾಳೆ. ಹೋದ ಶುಕ್ರವಾರ ಜ್ವರದಲ್ಲೇ ಗಿಡ್ಡಯ್ಯ, ತಿಮ್ಮಯ್ಯ ಅವಳನ್ನು ಹೊತ್ತು ಬಿಟ್ಟು ಬಂದಿದ್ದರು. ಗಿಡ್ಡಯ್ಯ ಪೂರ್ತಿ ನೆಲ ಹಿಡಿದದ್ದು ಆವತ್ತೇ.

ಸಂಜೆ ಐದು ಜನ ಹಳ್ಳದ ದಾರಿ ಹಿಡಿದರು. ಗಿಡ್ಡಯ್ಯ ಗೊಬ್ಬರ ಎಳೆಯುವ ಕೈಗಾಡಿಯಲ್ಲಿ, ಈರಮ್ಮ ತಿಮ್ಮಯ್ಯನ ಬೆನ್ನಿನ ಮೇಲೆ. ಗುಡಿಸಲಿಗೆ ಬಿದಿರ ಗಳ, ಹುಲ್ಲಿನ ಗೋಡೆ, ಮೇಲೆ ಹೊಸ ತಗಡು. ಲೈನ್ ಮನೆಯಂತೆ ಎಲ್ಲೂ ಸೋರುವ ಹಾಗಿರಲಿಲ್ಲ. ಮಾರಿ ದೊಡ್ಡ ಕಣ್ಣು ಬಿಟ್ಟುಕೊಂಡು ನಡುಮಧ್ಯ ಕುಳಿತಿದ್ದಳು.

ಗಿಡ್ಡಯ್ಯ ತೆವಳಿಕೊಂಡು ಒಳಗೆ ಹೋದ. "ತಾಯಿ, ವಸಿ ಸರ್ಕಂಡು ಕೂತ್ಕಳವ್ವ. ಕಾಲು ಚಾಚ್ಬೇಕು."

"ಹೇಳಿದ್ರೆ ಕೇಳ್ತಾಳ ಅವ್ಳು? ತಳ್ಳು" ಎಂದಳು ಈರಮ್ಮ. "ಅವ್ಳೂ ನಮ್ಮಂಗೆ ಊರಾಚೆ ಹಾಕಿಸ್ಕಂಡೋಳೆ. ಏನೇ, ನಿಂಗೂ ರೈಟ್ರು ಬಂದು ಹೇಳಿದ್ನೇನೆ?"

ಮಾರಿಯನ್ನು ಮೂಲೆಗೆ ತಳ್ಳಿ ಐವರೂ ಮಲಗಿದರು.

ಮಾರಿ ಮುನಿಯಬಾರದೆಂದು ಊರವರು ಬೆಳಿಗ್ಗೆ ಎಡೆ ತಂದು ದೂರದ ಕಲ್ಲಿನ ಮೇಲಿಟ್ಟು ಓಡುತ್ತಿದ್ದರು. ಅವಳು ತಮ್ಮ ಕಡೆಗೆ ದಾಟದಿರಲೆಂದು ಹಳ್ಳದಾಚೆಯ ಊರವರೂ ತಂದಿಡತೊಡಗಿದರು. ಅನ್ನ, ಮೊಸರು, ಬೆಲ್ಲ, ಬಾಳೆಹಣ್ಣು. ಒಂದು ದಿನ ಆಚೆ ಊರವರು ಕೋಳಿಯನ್ನೇ ಬಿಟ್ಟು ಹೋದರು. ಈ ಕಾಯಿಲೆಯಲ್ಲಿ ಕೋಳಿ ಸಾಗಹಾಕಲು ಅದಕ್ಕಿಂತ ಒಳ್ಳೆಯ ನೆಪ ಅವರಿಗೂ ಇರಲಿಲ್ಲ. ಗಿಡ್ಡಯ್ಯ ಮೂಳೆ ಚೀಪುತ್ತ, "ಇನ್ನು ಕಾಯ್ಲೆ ಬಂದ್ರೆ ನ್ಯಾಯ ಐತೆ" ಎಂದ.

ಆರೋಗ್ಯ ಕೇಂದ್ರದ ವಾಣಿ ಸಿಸ್ಟರ್ ಮೊದಲ ಸಲ ಹಳ್ಳದಾಚೆಯೇ ನಿಂತು ಜ್ವರದ ಮಾತ್ರೆಗಳನ್ನು ಕಲ್ಲಿಗೆ ಕಟ್ಟಿ ಎಸೆದಿದ್ದಳು. ಕಲ್ಲು ಮಾರಿಯ ಮೂಗಿಗೆ ಬಡಿಯಿತು. ಎರಡನೇ ಸಲ ಸೀರೆ ಎತ್ತಿಕೊಂಡು ಹಳ್ಳ ದಾಟಿಯೇ ಬಂದಳು. ಮಾರಿಯ ಮುಂದಿನ ಕಳಸದ ನೀರು ನೋಡಿ, "ಇದನ್ನ ಚೆಲ್ರಿ, ಸೊಳ್ಳೆ ಆಗೋದೇ ಇಲ್ಲಿ" ಎಂದು ತಾನೇ ಎತ್ತಿ ಚೆಲ್ಲಿದಳು. ಕೇರಿಯ ಹೆಂಗಸರು ರಗ್ಗು ಕೊಟ್ಟರು, ಸೌದೆ ತಂದುಹಾಕಿದರು. ಹುಲಿಯಮ್ಮನ ಮೊಣಕಾಲು ಅರ್ಧ ಮಡಚತೊಡಗಿತು. ಈರಮ್ಮನಿಗೆ ಮಾತ್ರ ಜ್ವರ ಬಿಡಲಿಲ್ಲ. ಬೈಯುತ್ತಿದ್ದಳು, ಆದರೆ ಒಂದು ಬೈಗುಳಕ್ಕೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು.

ಅಷ್ಟರಲ್ಲಿ ಎಸ್ಟೇಟಿನ ಸೊಳ್ಳೆಗಳು ಬಯಲುಸೀಮೆಯವರನ್ನೂ ಕಚ್ಚಿದ್ದವು. ಮಲಗಿದವರಲ್ಲೊಬ್ಬ ದಯಾನಂದನನ್ನು ಕೇಳಿದನಂತೆ: "ರೈಟ್ರೆ, ಇಲ್ಲಿ ಕಾಯ್ಲೆ ಬಿದ್ದೋರಿಗೆ ಹಳ್ಳದ ಹತ್ರ ಊಟ, ಮಾತ್ರೆ ಎಲ್ಲ ಐತಂತಲ್ಲ, ನಮ್ಮುನ್ನ ಯಾವಾಗ ಕಳಿಸ್ತೀರಿ?"

ಮಾರನೇ ಬೆಳಿಗ್ಗೆ ಶಾಂತಮಲ್ಲಪ್ಪನ ಜೀಪು ಹಳ್ಳದ ದಾರಿಯಲ್ಲಿ ಬಂತು. ಎಡೆಯ ಕಲ್ಲಿಗಿಂತ ಈಚೆಗೇ ನಿಂತಿತು.

"ಬೋಳಿಮಕ್ಳ, ದೇವ್ರ ಜಾಗದಾಗೆ ಸಂಸಾರ ಹೂಡಿದೀರಲ್ಲ, ಆಚೆ ಬರ್ರೋ! ದಯಾನಂದ, ಹೋಗಿ ತಗಡು ಕೀಳು."

"ನಾನು ಮುಟ್ಟಾಕಿಲ್ಲ ಅಣ್ಣಾವ್ರೆ. ಮನೇಲಿ ಬಸುರಿ ಅವ್ಳೆ."

ಶಾಂತಮಲ್ಲಪ್ಪ ಸ್ವಲ್ಪ ಯೋಚಿಸಿದ. "ಮುಟ್ಟದು ಬ್ಯಾಡ. ಕಡೇಗೆ ಮಾರಿ ಗುಡಿಸ್ಲು ಸುಡೋದೇ ತಾನೇ ಪದ್ಧತಿ? ಸೀಮೆಎಣ್ಣೆ ಬಟ್ಟೆ ಸುತ್ತಿ ಎಸಿ."

"ಜನ ಒಳಗವ್ರೆ ಬುದ್ಧಿ!" ಎಂದು ಹುಲಿಯಮ್ಮ ಕೂಗಿದಳು.

"ಅದ್ಕೇ ಹೇಳ್ತಿರಾದು, ಆಚೆ ಬನ್ನಿ ಅಂತ."

ದಯಾನಂದ ಎಸೆದ. ಮೊದಲನೆಯದು ಹಳ್ಳಕ್ಕೆ ಬಿತ್ತು. ಎರಡನೆಯದು ಹುಲ್ಲಿನ ಗೋಡೆ ಹಿಡಿಯಿತು. ತಿಮ್ಮಯ್ಯ ಈರಮ್ಮನನ್ನು ಬೆನ್ನಿಗೆ ಹಾಕಿಕೊಂಡ. ಮಾದೇವಮ್ಮ ಗಿಡ್ಡಯ್ಯನ ರಟ್ಟೆ ಹಿಡಿದು ಎಳೆದು ಹೊರಗೆ ತಂದಳು. ಹುಲಿಯಮ್ಮ ಮಾತ್ರ ಬರಲಿಲ್ಲ. "ಹುಲೀ, ಲೇ ಹುಲೀ!" ಎಂದು ಗಿಡ್ಡಯ್ಯ ಮಣ್ಣು ಗುದ್ದುತ್ತ ಕಿರುಚಿದ. ಆಮೇಲೆ ಹೊಗೆಯೊಳಗಿಂದ ಕೆಮ್ಮುತ್ತ ಬಂದಳು, ಸೆರಗಿನ ಅಂಚು ಸುಟ್ಟು ಕಪ್ಪಾಗಿತ್ತು. ಹೆಗಲ ಮೇಲೆ ಮಾರಿ ಇದ್ದಳು.

ಶಾಂತಮಲ್ಲಪ್ಪ ಜೀಪಿನ ಹಿಂದಕ್ಕೆ ಹೋದ. "ಅದನ್ನ ಇಳ್ಸೇ! ಅಲ್ಲೇ ಬುಡೇ!"

"ಮನೆ ಸುಟ್ಬುಟ್ರಲ್ಲ ಬುದ್ಧಿ, ಎಲ್ಲಿ ಬುಡ್ಲಿ? ಸೀರೆ ಉಡ್ಸಿ ಕಳಿಸ್ದೋರು ನೀವು. ತವರಿಗೆ ಬತ್ತಾವ್ಳೆ."

ಅವಳು ನಡೆದಳು. ಜೀಪು ತಿರುಗಿಸಲು ಜಾಗವಿಲ್ಲದೆ ಹಿಂದುಮುಂದಾಗಿಯೇ ಓಡಿತು. ತಿರುವಿನಲ್ಲಿ ಬೇಲಿಗೆ ಗುದ್ದಿ, ಹೇಗೋ ತಿರುಗಿ, ಸಕಲೇಶಪುರದ ಕಡೆ ಹೋಯಿತು. ದಯಾನಂದ ಅದಕ್ಕೂ ಮೊದಲೇ ಕಾಫಿ ಗಿಡಗಳೊಳಗೆ ನುಗ್ಗಿ ಮಾಯವಾಗಿದ್ದ.

ಊರ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ಹಾಕಿಕೊಂಡವು. ಹುಲಿಯಮ್ಮ ಮುಂದೆ, ಕೈಗಾಡಿಯಲ್ಲಿ ಗಿಡ್ಡಯ್ಯ, ಅದನ್ನು ತಳ್ಳುವ ಮಾದೇವಮ್ಮ, ಹಿಂದೆ ಈರಮ್ಮನನ್ನು ಹೊತ್ತ ತಿಮ್ಮಯ್ಯ. ಹುಲಿಯಮ್ಮನ ಮೊಣಕಾಲುಗಳು ಪ್ರತಿ ಹೆಜ್ಜೆಗೂ ಬೇಡವೆಂದವು. ಅವಳು ಅವಕ್ಕೂ ಬೈದಳು. ಎಸ್ಟೇಟಿನ ಗೇಟು ಕಾಯುವವನು ಗೇಟು ತೆಗೆದಿಟ್ಟೇ ಓಡಿದ.

ಬಂಗಲೆಯ ವೆರಾಂಡದಲ್ಲಿ ಸಾಹುಕಾರನ ಬೆತ್ತದ ಕುರ್ಚಿ ಇತ್ತು. ಹುಲಿಯಮ್ಮ ಮಾರಿಯನ್ನು ಅದರಲ್ಲಿ ಕೂರಿಸಿ, ಓರೆಯಾಗಿದ್ದ ಮೂಗುಬೊಟ್ಟು ಸರಿಮಾಡಿದಳು.

ಕಿಟಕಿಯ ಹಿಂದಿನಿಂದ ಕಲ್ಯಾಣಮ್ಮನ ಧ್ವನಿ ಬಂತು. "ಹುಲಿಯಮ್ಮ, ನಿಂಗೆ ಕೈ ಮುಗೀತೀನಿ ಕಣೆ. ಅದನ್ನ ಎತ್ಕಂಡು ಹೋಗ್ಬುಡು."

"ಹೊರೋದು ನಮ್ಮ ಕೆಲ್ಸಾನೇ ಕಣ್ರವ್ವ. ಆದ್ರೆ ರೈಟ್ರು ಕೆಲ್ಸದಿಂದ ತೆಗ್ದವ್ರೆ."

"ಲೈನ್ ಮನೆ ಕೊಡಿಸ್ತೀನಿ. ಯಜಮಾನ್ರು ಬರ್ಲಿ."

"ಬರ್ಲಿ. ಕಾಯ್ತೀವಿ. ಇಲ್ಲಿ ನೆಳ್ಳೈತೆ."

ತಿಮ್ಮಯ್ಯ ಈರಮ್ಮನನ್ನು ಕಂಬಕ್ಕೆ ಒರಗಿಸಲು ಬಗ್ಗಿದ. ಅವಳು ಒರಗಲಿಲ್ಲ, ಜಾರಿದಳು. ಮಾದೇವಮ್ಮ ಗಲ್ಲ ಹಿಡಿದು ಅಲುಗಿಸಿದಳು. ಹುಲಿಯಮ್ಮ ಬಂದು ಮೂಗಿನ ಮುಂದೆ ಬೆರಳಿಟ್ಟು ನೋಡಿದಳು. ಜೀವ ಎಲ್ಲಿ ಹೋಯಿತೋ, ಬೀದಿಯಲ್ಲೋ ಗೇಟಿನಲ್ಲೋ, ತಿಮ್ಮಯ್ಯನಿಗೂ ಗೊತ್ತಾಗಿರಲಿಲ್ಲ.

"ಏನಾಯ್ತೇ?" ಎಂದಳು ಕಿಟಕಿಯಲ್ಲಿ ಕಲ್ಯಾಣಮ್ಮ. ಆಮೇಲೆ ಅವಳಿಗೆ ಕಂಡಿತು. "ಅಯ್ಯೋ ಶಿವನೇ! ಅದನ್ನಾದ್ರೂ ತಗಂಡೋಗ್ರೋ!"

ಆ ಊರಿನಲ್ಲಿ ಹೆಣ ಹೊರುವವರೂ ಇವರೇ. ಹುಲಿಯಮ್ಮ ಈರಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಎಷ್ಟು ಚಾಚಲು ಬರುತ್ತದೋ ಅಷ್ಟು ಚಾಚಿ ಕುಳಿತಳು. ಗಿಡ್ಡಯ್ಯ ಕೈಗಾಡಿಯಿಂದ ಇಳಿದು ತೆವಳಿ ಬಂದು ಪಕ್ಕದಲ್ಲಿ ಕೂತ. ಮಾದೇವಮ್ಮ ಕೂತಳು. ತಿಮ್ಮಯ್ಯ ಕೂತ. ಯಾರೂ ಏಳಲಿಲ್ಲ.

ಬೆಂಕಿಯಲ್ಲಿ ಹೋದದ್ದು ಮೂರು ರಗ್ಗು, ಎರಡು ಅಲ್ಯೂಮಿನಿಯಂ ಪಾತ್ರೆ, ಎಡೆಯಲ್ಲಿ ಉಳಿಸಿದ್ದ ಎರಡು ಸೇರು ಅಕ್ಕಿ, ಅರ್ಧ ಪಟ್ಟಿ ಮಾತ್ರೆ. ದಾರಿಯಲ್ಲಿ ಹೋದದ್ದು ಈರಮ್ಮ, ಒಬ್ಬಳು.