ಕುಣಿಯ ಮೇಲಿನ ಹಲಗೆ

ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತು, ಕೇಕಿನ ಪಕ್ಕ, ಹಲಗೆಗೆ ಹಾಸಿದ ಗುಲಾಬಿ ಕಾಗದ ಸರಿದ ಕಡೆ, ಕಪ್ಪಗೆ, ಮೂತಿ ಚೂಪಾಗಿ—ಇದನ್ನೆಲ್ಲಿ ನೋಡಿದೆ, ಇವತ್ತೇ ನೋಡಿದ್ದು, ಈ ಮನೆಯಲ್ಲೇ ನೋಡಿದ್ದು, ಆದರೆ ಹೀಗೆ ಎರಡು ಸ್ಟೂಲಿನ ಮೇಲಲ್ಲ, ಬೇರೆಲ್ಲೋ, ಕೆಳಗೆಲ್ಲೋ, ಎಂದು ರಮಜಾನನ ತಲೆಯೊಳಗೆ ಹುಳ ಕೊರೆಯುತ್ತಿರುವಾಗಲೇ ಕೂಸಿನ ತಾಯಿ ಸುರೇಖಾ ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳಿದಳು, ಅಣ್ಣಾರ, ಲೈಟ್ ಬಂದ್ ಮಾಡ್ಲೇನ್ರಿ, ಮೊಂಬತ್ತಿ ಬೆಳಕಿನ್ಯಾಗ ಫೋಟೋ ಭಾಳ ಚೊಲೋ ಬರ್ತಾವಂತ. ಬೇಡ ಎನ್ನಬಹುದಿತ್ತು. ಗುಳೇದಗುಡ್ಡದಿಂದ ಕೆರೂರಿನ ತನಕ ಇಪ್ಪತ್ತೆರಡು ವರ್ಷ ಫೋಟೋ ಹಿಡಿದವನು ಒಂದು ಮೊಂಬತ್ತಿಗೆ ಅಂಜುತ್ತಾನೆಂದರೆ ಜನ ಏನೆಂದುಕೊಂಡಾರು, ಅದರಲ್ಲೂ ವಿಡಿಯೋದ ಅಶ್ಫಾಕ ಎದುರಿಗೇ ನಿಂತಿರುವಾಗ, ಆ ಅಶ್ಫಾಕನ ಕಣ್ಣು ಕ್ಯಾಮೆರಾದ ಮೇಲಿರುವುದಕ್ಕಿಂತ ಹೆಚ್ಚು ತನ್ನ ಮೇಲೆಯೇ ಇರುವಾಗ. ಮಾಡ್ರಿ ತಂಗಿ, ಚೊಲೋ ಬರ್ತಾವ, ಎಂದ. ಎವ್ವಾ, ದೀಪಾ ಹಚ್ಚೂ ಹೊತ್ತಿನ್ಯಾಗ ಇದ್ದ ಬೆಳಕ ಕಳಿಯೂದು ಎಲ್ಲಿ ಪದ್ಧತಿ ಇದು, ಎಂದು ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಸಂಗವ್ವ ಗೊಣಗಿದಳು, ಒಂದನೇ ವರ್ಷದ ಹುಟ್ಟುಹಬ್ಬ, ಹಿಂಗ ಮಾಡ್ತಾರ ಅತ್ತಿ, ಎಲ್ಲಾರೂ ಮಾಡ್ತಾರ, ಎಂದಳು ಸುರೇಖಾ, ಟಕ್ ಎಂದಿತು, ಮನೆ ಹೋಯಿತು.

ಹೋದದ್ದು ಅವನಿಗೆ ಮಾತ್ರ. ಉಳಿದವರಿಗೆ ಮೊಂಬತ್ತಿಯ ಹಳದಿಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಬೇಕು, ನಗುತ್ತಿದ್ದಾರೆ, ಯಾರೋ ಬಲೂನು ಒತ್ತಿ ಕಿರ್ ಎನಿಸುತ್ತಿದ್ದಾರೆ—ಅವನಿಗೆ ಕಾಣುವುದು ಒಂದು ಹಳದಿ ಚುಕ್ಕೆ, ಅದರ ಸುತ್ತ ಏನೇನೂ ಇಲ್ಲ. ಕ್ಯಾಮೆರಾ ಕಣ್ಣಿಗೆ ಏರಿಸಿದ, ಮನೆ ವಾಪಸು ಬಂತು. ಯಾ ಅಲ್ಲಾ, ಪ್ರತಿ ಸಲವೂ ಹೀಗೇ, ಎದೆಯಲ್ಲಿ ತಡೆದ ಉಸಿರು ಇಳಿಯುತ್ತದೆ. ಹಳೆಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಬರೀ ಗಾಜು, ಹೊರಗೆ ಕತ್ತಲಿದ್ದರೆ ಒಳಗೂ ಕತ್ತಲೆ, ಈ ಹೊಸದರ ಕಿಂಡಿಯೊಳಗೆ ಉಗುರಿನಷ್ಟು ಪರದೆ, ಅದು ಕತ್ತಲನ್ನು ಹಿಂಡಿ ಬೆಳಕು ತೆಗೆಯುತ್ತದೆ, ಮಹಾಕೂಟದ ಗುಡಿಯ ಮದುವೆಯೊಂದರಲ್ಲಿ ಇದನ್ನು ಮೊದಲ ಸಲ ಕಣ್ಣಿಗೊತ್ತಿ, ಕಂಬಗಳ ನಡುವೆ ಯಾರಿಗೂ ಡಿಕ್ಕಿ ಹೊಡೆಯದೆ ಅಡ್ಡಾಡಿ, ಹೊರಗೆ ಬಂದು ಹೊಂಡದ ಮೆಟ್ಟಿಲ ಮೇಲೆ ಕೂತು ಅತ್ತಿದ್ದ, ಹೆಂಡತಿ ನರ್ಗೀಸಳಿಗೂ ಹೇಳಿಲ್ಲ ಅದನ್ನು. ಕತ್ತಲು ಜಾಸ್ತಿಯಾದಷ್ಟೂ ಚಿತ್ರ ರವೆಯ ಹಾಗೆ ತರಿತರಿ, ತುಸು ತಡ, ಎತ್ತಿದ ಕೈಯ ಹಿಂದೆ ಇನ್ನೊಂದು ಕೈ ಎಳೆದುಕೊಂಡು ಬರುತ್ತದೆ, ಇರಲಿ, ಏನೂ ಕಾಣದ್ದಕ್ಕಿಂತ ತಡವಾಗಿ ಕಾಣುವುದು ಮೇಲು. ಬಾಗಲಕೋಟೆಯ ಕಣ್ಣಿನ ಡಾಕ್ಟರು ಕೇಳಿದ್ದರು, ನಿಮ್ಮ ತಂದಿಯವ್ರಿಗೂ ರಾತ್ರಿ ಕಾಣತಿರಲಿಲ್ಲೇನು, ಇಲ್ರಿ ಸರ್ ಎಂದು ರಾಜಾರೋಷವಾಗಿ ಸುಳ್ಳು ಹೇಳಿ ಬಂದ. ಅವನ ಅಬ್ಬಾ ಬಾಬುಸಾಬ, ನೇಕಾರರ ನೂಲಿಗೆ ಬಣ್ಣ ಹಾಕುವವನು, ಹೊತ್ತು ಮುಳುಗಿದ ಮೇಲೆ ಓಣಿಯಲ್ಲಿ ಬರುವಾಗ ಎರಡು ಕೈ ಮುಂದೆ ಚಾಚಿ, ಬೆರಳು ಬಿಚ್ಚಿ, ಗಾಳಿಯನ್ನು ಸವರುತ್ತ, ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ—ಕುಡ್ಡ ಬಾಬ್ಯಾ ಬಂದಾ, ಕುಡ್ಡ ಬಾಬ್ಯಾ, ಎಂದು ಓಣಿಯ ಹುಡುಗರು ಹಾಗೆಯೇ ಕೈ ಚಾಚಿ ಕುಣಿಯುತ್ತಿದ್ದರು, ಒಂದು ದಿನ ಅವರನ್ನು ನಗಿಸಲು ರಮಜಾನನೂ ಚಾಚಿದ್ದ, ಒಂಬತ್ತು ವರ್ಷದವನು, ಅಬ್ಬಾನ ಎದುರಿಗೇ, ಅಬ್ಬಾನಿಗೆ ಕಾಣಲಿಲ್ಲ, ಬಾಗಿಲಲ್ಲಿ ನಿಂತಿದ್ದ ಅಮ್ಮ ಕಾಸಿಂಬಿಗೆ ಕಂಡಿತು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕ್ಲಿಕ್. ಕೇಕು, ಉರಿ, ಸುರೇಖಾಳ ಗಲ್ಲ. ಚಿತ್ರ ಕಿಂಡಿಯಲ್ಲಿ ನಿಂತುಬಿಟ್ಟಿತು, ಎರಡು ಸೆಕೆಂಡು ಅಲುಗಲಿಲ್ಲ, ಥತ್, ಇದನ್ನು ತೆಗೆಯಲು ಮರೆತೆ. ತೆಗೆದ ಚಿತ್ರ ಎರಡು ಸೆಕೆಂಡು ಕಿಂಡಿಯಲ್ಲಿ ನಿಲ್ಲುವ ಸೆಟ್ಟಿಂಗನ್ನು ಅವನು ಎಂದೂ ಹಾಕುವವನಲ್ಲ, ಅವನಿಗೆ ಅದು ಎರಡು ಸೆಕೆಂಡು ಕಣ್ಣು ಮುಚ್ಚಿದಂತೆ, ಆದರೆ ಮಧ್ಯಾಹ್ನ ಅಂಗಳದಲ್ಲಿ ಸಂಗವ್ವ ಬೆನ್ನು ಬಿಡಲಿಲ್ಲ, ತೋರಸಪಾ ನೋಡೂಣು, ತಗದದ್ದು ತಗದಂಗ ತೋರಸು, ನನ್ನ ಹಲ್ಲ ಕಾಣಸ್ತಾವೇನ, ಮುದುಕಿಯ ಸಲುವಾಗಿ ಹಾಕಿದ, ಮರೆತ. ಈಗ ತೆಗೆಯಬೇಕೆಂದರೆ ಮೆನು ತಡಕಾಡಬೇಕು, ಅಶ್ಫಾಕ ನೋಡುತ್ತಾನೆ. ಹೋದ ತಿಂಗಳು ಕೆರೂರಿನ ಮದುವೆಯಲ್ಲಿ ಕರೆಂಟು ಹೋದಾಗ ಮದುಮಗನ ಅಜ್ಜನ ಮೇಲೆಯೇ ಹೋಗಿ ಬಿದ್ದದ್ದು, ಅಶ್ಫಾಕ ಎಬ್ಬಿಸಿ ಕಿವಿಯಲ್ಲಿ ಹೇಳಿದ್ದು, ಭಾಯ್, ಕಣ್ಣ ತೋರಸ್ಕೋರಿ, ನಾಳೆ ಯಾರರ ಕೂಸಿನ ಮ್ಯಾಲ ಕಾಲಿಟ್ಟೀರಿ. ಇನ್ನೂ ಯಾರಿಗೂ ಹೇಳಿಲ್ಲ ಅವನು, ಹೇಳಿದ ದಿನ ಈ ಕೆಲಸ ಮುಗಿಯಿತು, ಕುಡ್ಡ ಫೋಟೋದವನನ್ನು ಯಾರು ಮದುವೆಗೆ ಕರೆದಾರು. ಮೊದಲ ಆರತಿ ಆಗ್ಲಿ, ಆಮ್ಯಾಲ ನಿಮ್ಮ ಮೊಂಬತ್ತಿ ಉರಬೂದು, ಎಂದು ಸಂಗವ್ವ ಕೂಸನ್ನು ತೊಡೆಯಿಂದ ಕೆಳಗಿಳಿಸಿ ತಟ್ಟೆಗೆ ಕೈ ಹಾಕಿದಳು, ಹಿಡಕೋ ಸುರೇಖಾ ಎಂದಳೋ ಇಲ್ಲವೋ, ಸುರೇಖಾ ಮೊಂಬತ್ತಿ ನೆಟ್ಟಗೆ ಮಾಡುತ್ತಿದ್ದಳು. ಗೆಜ್ಜೆ ಸಪ್ಪಳ. ಕೂಸಿನ ಕಾಲಗೆಜ್ಜೆ, ಝಲ್, ಝಲ್ ಝಲ್, ಎಡಕ್ಕೆ. ಎಡಗಡೆ ಏನಿದೆ, ಎಡಗಡೆ ಮಗ್ಗವಿದೆ.

ಮಗ್ಗ—ಮೂರು ಗಂಟೆಗೇ ಬಂದಿದ್ದ ಇವತ್ತು, ಎಲ್ಲಾ ಮನೆಗೂ ಹಾಗೇ ಹೊತ್ತಿರುವಾಗ ಬಂದು, ಬೆಳಕು ನೋಡುವ ನೆಪದಲ್ಲಿ ಹೆಜ್ಜೆ ಎಣಿಸಿಕೊಳ್ಳುವುದು, ಬಾಗಿಲಿಂದ ಕಂಬಕ್ಕೆ ಆರು, ಕಂಬದಿಂದ ಮಗ್ಗಕ್ಕೆ ನಾಲ್ಕು, ಮಗ್ಗದ ಮುಂದೆ ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ, ಸೊಂಟದಾಳ, ತಳಕ್ಕೆ ಕಲ್ಲು. ಮನೆಯ ಯಜಮಾನ ಹನಮಪ್ಪ ಮಗ್ಗದ ಮೇಲಿನ ಅರ್ಧ ನೇಯ್ದ ಖಣ ಸವರುತ್ತ ಹೇಳಿದ್ದ, ಕೂಸು ನಡಿಯಾಕ ಕಲ್ತೈತ್ರಿ, ಅದಕ್ಕ ಕುಣಿಗೆ ಹಲಗಿ ಮುಚ್ಚೇನಿ, ಸಂಗವ್ವ ನಕ್ಕಿದ್ದಳು, ನೋಡಪಾ ಹಲಗಿ ಚಂದಾನ, ನಮ್ಮ ಸುರೇಖಾ ಇಸ್ತ್ರಿ ಪೆಟ್ಟಿಗಿ ಇಟ್ಟು ಮರತಾಳ, ಸುಟ್ಟು ಕಪ್ಪಾಗೈತಿ, ಇಸ್ತ್ರಿ ಪೆಟ್ಟಿಗೆ, ಕಪ್ಪಗೆ, ಮೂತಿ ಚೂಪಾಗಿ. ಯಾರೋ ಕೇಕಿಡಲು ಹಲಗೆ ಬೇಕೆಂದಿದ್ದಾರೆ, ಯಾರೋ ತಂದುಕೊಟ್ಟಿದ್ದಾರೆ, ಅದು ಎಲ್ಲಿಯ ಹಲಗೆ ಎಂದು ಯಾರೂ ಕೇಳಿಲ್ಲ, ಕುಣಿ ತೆರೆದಿದೆ. ಲೈಟ್ ಹಾಕ್ರಿ ಎನ್ನು. ಅನ್ನು. ಎನ್ನಬಹುದು, ಆದರೆ ಎಲ್ಲರಿಗೂ ಕಾಣುತ್ತಿದೆಯಲ್ಲ, ಕಾಣುವವರು ನೋಡಿಕೊಳ್ಳುತ್ತಾರೆ, ಇಷ್ಟು ಮಂದಿ ಕಣ್ಣಿದ್ದವರಿರುವಾಗ ನಿನಗೇಕೆ ಉಸಾಬರಿ, ಹನಮಪ್ಪ ಇದ್ದಾನೆ, ಕೂಸಿನ ಅವ್ವ ಇದ್ದಾಳೆ, ಕೂಸು ಯಾರದೋ ಕೈಯಲ್ಲೇ ಇರಬೇಕು—ಕ್ಯಾಮೆರಾ ಎಡಕ್ಕೆ ತಿರುಗಿಸಿದ. ತರಿತರಿ ಕತ್ತಲೆ, ಮಗ್ಗದ ಕಾಲು, ಇಳಿಬಿದ್ದ ದಾರ, ಅದರ ಕೆಳಗೆ ಖಣದ ಲಂಗ ಉಟ್ಟ ಕೂಸು ಒಬ್ಬಂಟಿ, ಎರಡು ಹೆಜ್ಜೆ ಹಾಕಿ ಕೂರುತ್ತದೆ, ಏಳುತ್ತದೆ, ಅದರ ಹಿಂದೆ ಅದರದೇ ಮಸುಕು ಎಳೆದುಕೊಂಡು ಹೋಗುತ್ತದೆ, ಆರತಿಯ ಹಾಡು ಶುರುವಾಯಿತು, ಗೆಜ್ಜೆ ಕೇಳದಾಯಿತು, ಅವನ ಬೆರಳು, ಇಪ್ಪತ್ತೆರಡು ವರ್ಷದ ದರಿದ್ರ ಬೆರಳು, ತಾನೇ ಒತ್ತಿತು.

ಕ್ಲಿಕ್. ನಿಂತಿತು. ಕುಣಿಯ ಅಂಚಿನಲ್ಲಿ ಕೂಸು, ಎಡಗಾಲು ನೆಲದ ಮೇಲೆ, ಬಲಗಾಲು ಅಂಚಿನಾಚೆ ಗಾಳಿಯಲ್ಲಿ, ಬೆಳ್ಳಿಗೆಜ್ಜೆಯ ಮೇಲೆ ಮೊಂಬತ್ತಿಯ ಒಂದು ಹನಿ ಬೆಳಕು. ಅಲುಗುವುದಿಲ್ಲ. ಇದು ಈಗಿನದಲ್ಲ, ಗೊತ್ತು, ಆಗಲೇ ಆಗಿಹೋದದ್ದು, ಈ ಚಿತ್ರದ ಹಿಂದೆ ಈಗ ಕೂಸು ಬೀಳುತ್ತಿರಬಹುದು, ಬಿದ್ದಿರಬಹುದು, ತಳದಲ್ಲಿ ಕಲ್ಲು, ಬಟನ್ನು ಅರ್ಧ ಒತ್ತಿದರೆ ಚಿತ್ರ ಹೋಗುತ್ತದೆ, ಗೊತ್ತು, ಬೆರಳಿಗೆ ಮರೆತಿದೆ, ಎರಡು ಸೆಕೆಂಡು ಎಂದರೆ ಎಷ್ಟು, ಯಾರೂ ಚೀರುತ್ತಿಲ್ಲ, ಯಾಕೆ ಯಾರೂ ಚೀರುತ್ತಿಲ್ಲ, ಹಾಡುತ್ತಿದ್ದಾರೆ, ಎಲ್ಲರ ಕಣ್ಣೂ ಆರತಿಯ ಮೇಲಿದೆ, ಇವರೂ ಕುರುಡರೇ—ಕ್ಯಾಮೆರಾ ಬಿಟ್ಟ, ಅದು ಪಟ್ಟಿಗೆ ನೇತಾಡಿ ಎದೆಗೆ ಗುದ್ದಿತು, ಮನೆ ಹೋಯಿತು, ಹೋಗಲಿ, ಕೂಸೂ ಎಂದು ಕೂಗಿದ, ಕಂಬ ಬೆನ್ನಿಗಿದೆ, ಕಂಬದಿಂದ ನಾಲ್ಕು, ಒಂದು, ಎರಡು, ಯಾರದೋ ಭುಜ ತಾಗಿತು, ತಟ್ಟೆ ಝಣ್ ಎಂದು ಬಿತ್ತು, ಮೂರು, ನಾಲ್ಕು ಎನ್ನುವ ಮೊದಲೇ ಕಾಲಡಿ ನೆಲ ಇರಲಿಲ್ಲ.

ಮೊಣಕಾಲು ಕಲ್ಲಿಗೆ ಹೊಡೆಯಿತು, ಬೆನ್ನಿಗೆ ಮಗ್ಗದ ಕಟ್ಟಿಗೆ, ಕಾಲಲ್ಲಿ ತುಳಿಯುವ ಕೋಲು ಲಟ್ ಎಂದಿತು, ಇಲ್ಲೇ ಇರಬೇಕು, ಮೆತ್ತಗೆ ಏನಾದರೂ, ಲಂಗ, ಕೂದಲು, ಇಲ್ಲಿಲ್ಲ, ಅಲ್ಲಿಲ್ಲ, ಮೂಲೆಯಲ್ಲಿ ಮಣ್ಣು, ದಾರದ ಸಿಕ್ಕು, ಅಲ್ಲಾ ಒಂದು ಸಲ ಅಳಲಿ ಅದು, ಎದ್ದು ನಿಂತು ಅಂಚಿನ ಮೇಲೆ ತಡಕಿದ, ಮುಂದೆ ತಡಕಿದ, ಆಗ ಕೇಳಿತು, ಹಿಂದಿನಿಂದ, ಎತ್ತರದಿಂದ, ಝಲ್ ಝಲ್. ಅಣ್ಣಾರ, ಕೂಸು ನನ್ನ ಕಡೆ ಐತ್ರಿ, ಆವಾಗಲೇ ಎತ್ತಿಕೊಂಡೇನಿ—ಸುರೇಖಾ. ಅವಳ ಧ್ವನಿ ಮೊದಲು ನಗುವಿನದಾಗಿತ್ತು, ನಡುವೆ ಬದಲಾಯಿತು. ಎಂಥ ಖುಷಿ, ಒಂದು ಗಳಿಗೆ ಬರೀ ಖುಷಿ, ಕೂಸು ಇದೆ, ಅಳುತ್ತಿಲ್ಲ ಸಹ, ಆಮೇಲೆ ಹಾಡು ನಿಂತಿರುವುದು ತಿಳಿಯಿತು. ಹನಮಪ್ಪ ಮೆಲ್ಲಗೆ ಕೇಳಿದ, ನಿಮ್ಮ ಮುಂದ ಮುಂದನ ಎತ್ತಿಕೊಂಡ್ಲಲ್ರಿ, ಕಾಣಲಿಲ್ಲೇನು. ಚಿತ್ರ ಕಿಂಡಿಯಲ್ಲಿ ನಿಂತಿದ್ದ ಆ ಎರಡು ಸೆಕೆಂಡಿನಲ್ಲೇ. ಮೊಂಬತ್ತಿ ಇನ್ನೂ ಉರಿಯುತ್ತಿರಬೇಕು, ಅವರೆಲ್ಲರಿಗೂ ತಾನು ಕಾಣುತ್ತಿದ್ದೇನೆ, ತನಗೆ ಯಾರೂ ಕಾಣುತ್ತಿಲ್ಲ, ದೂರದಲ್ಲೊಂದು ಕೆಂಪು ಚುಕ್ಕೆ, ಅಶ್ಫಾಕನ ವಿಡಿಯೋ ನಡೆದೇ ಇದೆ, ಬಂದ್ ಮಾಡೋ ಎನ್ನಬೇಕು, ಇವನು ಕುಡ್ಡ ಎಂದು ನೀನೇ ಅಂದುಬಿಡು ಮಾರಾಯಾ, ಕೆಂಪು ಚುಕ್ಕೆ ತಾನಾಗಿ ಆರಿತು. ಲೈಟ್ ಹಾಕಬ್ಯಾಡವಾ ಸುರೇಖಾ, ತಡಿ, ಎಂದಳು ಸಂಗವ್ವ, ತನ್ನ ಮುಖ ಎಲ್ಲರೆದುರು ಬೆಳಕಿಗೆ ಬೀಳುವುದು ಬೇಡವೆಂದೋ ಏನೋ, ಇಕಾ, ಇಲ್ಲೇ ಅದೀನಿ, ಕೈ ಕೊಡು ತಮ್ಮಾ, ಎಂದಳು ಎಲ್ಲಿಂದಲೋ, ಇಕಾ ಇಲ್ಲೇ ಅದೀನಿ, ಅಮ್ಮ ಕಾಸಿಂಬಿಯೂ ಬಾಗಿಲಲ್ಲಿ ನಿಂತು ಹೀಗೇ ಕರೆಯುತ್ತಿದ್ದಳು ಅಬ್ಬಾನನ್ನು, ಕ್ಯಾಮೆರಾ ಎದೆಯ ಮೇಲೇ ಇದೆ, ಕಣ್ಣಿಗೆ ಎತ್ತಲು ಕೈ ಖಾಲಿ ಇಲ್ಲ, ಕೈ ಎದ್ದುಬಿಟ್ಟಿವೆ, ಬಲಕ್ಕೆ ಹೋದವು, ಅತ್ತಾಗಲ್ಲಪಾ, ಇತ್ತಾಗ, ಎಡಕ್ಕೆ ಹೋದವು, ಎಷ್ಟು ಮಂದಿ ನೋಡುತ್ತಿದ್ದಾರೋ, ಯಾರೂ ನಗುತ್ತಿಲ್ಲ, ಎರಡು ಕೈ, ಮುಂದೆ ಚಾಚಿ, ಬೆರಳು ಬಿಚ್ಚಿ, ಗಾಳಿಯನ್ನು ಸವರುತ್ತ, ಇತ್ತಾಗಪಾ, ಎರಡು ಕೈ, ಬೆರಳು ಬಿಚ್ಚಿ, ಉಗುರಿನ ಸಂದಿಯಲ್ಲಿ ಅಬ್ಬಾನ ಕೆಂಪು ಬಣ್ಣ—