ಚಿಕ್ಕಜಾಜೂರಿಗೆ ಒಯ್ದ ಡಾಬು

ಎಮರ್ಜೆನ್ಸಿ ಮುಗಿದ ಮರುವರ್ಷ, ಚಿತ್ರದುರ್ಗದ ಕಸ ಎತ್ತುವ ಕೆಲಸವನ್ನು ಗುತ್ತಿಗೆಗೆ ಕೊಡುತ್ತಾರೆಂಬ ಸುದ್ದಿ ಖಚಿತವಾದ ಮೇಲೆ ಜಾಡಮಾಲಿಗಳೆಲ್ಲ ಪೊರಕೆ ಕೆಳಗಿಟ್ಟು ಮುನಿಸಿಪಾಲ್ಟಿ ಕಚೇರಿಯ ಮುಂದೆ ಕೂತರು. ಮಲ್ಲಕ್ಕನೂ ಅವಳ ಗಂಡ ಓಬಯ್ಯನೂ ಅವರ ನಡುವೆ ಇದ್ದರು. ಮೊದಮೊದಲು ಘೋಷಣೆ ಕೂಗಿದರು. ಬರಬರುತ್ತ ಯಾರ ಗಂಟಲಲ್ಲೂ ದನಿ ಉಳಿಯಲಿಲ್ಲ. ಓಣಿಗಳಲ್ಲಿ ಕಸ ಮೊಣಕಾಲೆತ್ತರ ಬೆಳೆಯಿತು, ಹಂದಿಗಳು ಅದನ್ನು ಎಳೆದಾಡಿದವು.

ಮಲ್ಲಕ್ಕನ ಬಳಿ ಬೆಲೆಬಾಳುವುದೆಂದರೆ ಅತ್ತೆ ಕೊಟ್ಟ ಬೆಳ್ಳಿ ಡಾಬು ಒಂದೇ. ಕೆಲಸಕ್ಕೆ ಹಾಜರಾಗದವರು ಕೇರಿಯ ಸರ್ಕಾರಿ ಮನೆಗಳನ್ನು ಖಾಲಿ ಮಾಡಬೇಕೆಂಬ ಮಾತು ಹಬ್ಬಿದಾಗ ಅವಳಿಗೆ ಅದರದೇ ಚಿಂತೆಯಾಯಿತು. ಪಾತ್ರೆ ಪಡಗ ಬೀದಿಗೆ ಬಿದ್ದರೆ ಎತ್ತಿಕೊಳ್ಳಬಹುದು, ಡಾಬನ್ನು ಕಾಯುವವರು ಯಾರು? ಮಗಳು ಜಯಕ್ಕ ಚಿಕ್ಕಜಾಜೂರಿನಲ್ಲಿದ್ದಳು, ಅಳಿಯ ರೈಲ್ವೆ ಗ್ಯಾಂಗಿನವನು. ಅಲ್ಲಿಟ್ಟು ಬರುವುದೆಂದಾಯಿತು. ಸೊಂಟಕ್ಕೆ ಕಟ್ಟಿಕೊಂಡು ಹೋಗೆಂದು ಓಬಯ್ಯ ಹೇಳಿದ. ಈಚೆಗೆ ಅವಳ ಸೊಂಟ ಸಣ್ಣಗಾಗಿ ಅದು ಜಾರುತ್ತಿತ್ತು. ಹಳೇ ಸೀರೆ ತುಂಡಿನಲ್ಲಿ ಸುತ್ತಿ, ಕೈಚೀಲದ ತಳಕ್ಕಿಟ್ಟು, ಮೇಲೆ ರಾಗಿಹಿಟ್ಟಿನ ಗಂಟು ಹೇರಿದಳು.

ರೈಲಿನಲ್ಲಿ ಅವಳ ಎದುರಿಗೆ ಸುಗ್ರಾ ಎಂಬ ದುರ್ಗದ ಹೆಂಗಸು ಕೂತಿದ್ದಳು. ಅಕ್ಕನ ಮಗಳ ಮದುವೆಗೆ ಹೊಸದುರ್ಗದ ಕಡೆ ಹೊರಟಿದ್ದಳು, ಕಾಲ ಬಳಿ ಹಸಿರು ಟ್ರಂಕು. ಹುಡುಗಿಗೆ ಹಾಕುವ ಒಡವೆಯೆಲ್ಲ ಅದರಲ್ಲೇ ಇದೆಯೆಂದು ಸ್ವಲ್ಪ ಹೊತ್ತಿನಲ್ಲೇ ಹೇಳಿಬಿಟ್ಟಳು. ತಮ್ಮ ಓಣಿಯ ನಾತ, ನೊಣ, ಮುಷ್ಕರದವರ ಸೊಕ್ಕು ಎಲ್ಲವನ್ನೂ ಹೇಳಿಕೊಂಡಳು. ಮಲ್ಲಕ್ಕ ಹೂಂಗುಟ್ಟಿದಳು. ತಾನು ಯಾರೆಂದು ಹೇಳಲು ಅವಳಲ್ಲಿ ತ್ರಾಣವಿರಲಿಲ್ಲ.

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಇಬ್ಬರೂ ಇಳಿದರು. ಸುಗ್ರಾ ಬೇರೆ ರೈಲು ಹಿಡಿಯಬೇಕಿತ್ತು.

"ಟಿಕೆಟ್ ವಿಚಾರಿಸ್ಕಂಡು ಬರ್ತೀನಿ, ಟ್ರಂಕು ಒಂಚೂರು ನೋಡ್ಕಳಮ್ಮ," ಎಂದು ಹೋದಳು.

ಪರರ ಒಡವೆಯೆಂದು ಮಲ್ಲಕ್ಕ ಟ್ರಂಕಿನ ಮೇಲೆಯೇ ಕೂತು ಎರಡೂ ಕೈಯಿಂದ ಅದರ ಹಿಡಿಕೆ ಹಿಡಿದುಕೊಂಡಳು. ತನ್ನ ಚೀಲ ಪಕ್ಕದಲ್ಲಿ ನೆಲದ ಮೇಲಿತ್ತು. ಅಷ್ಟರಲ್ಲಿ ಹುಬ್ಬಳ್ಳಿ ಕಡೆಯ ಗಾಡಿ ಬಂತು. ಜನ ನುಗ್ಗಿದರು. ಯಾರದೋ ಮೂಟೆ ಬೆನ್ನಿಗೆ ಬಡಿಯಿತು, ಅವಳು ಹಿಡಿಕೆಯನ್ನು ಇನ್ನಷ್ಟು ಬಿಗಿಹಿಡಿದಳು. ಗದ್ದಲ ಕರಗಿದ ಮೇಲೆ ನೋಡಿದರೆ ಚೀಲ ಇರಲಿಲ್ಲ.

ಸುಗ್ರಾ ಬಂದಾಗ ಅವಳು ಸುಮ್ಮನೆ ನೆಲ ನೋಡುತ್ತಿದ್ದಳು. ಚೀಲ ಹೋಯಿತೆಂದು ಕೇಳಿದ್ದೇ ಸುಗ್ರಾ ಅವಳನ್ನು ಎಬ್ಬಿಸಿ, ಟ್ರಂಕಿನ ಬೀಗ ತೆಗೆದು, ಒಳಗೆ ಕೈಯಾಡಿಸಿ ನೋಡಿದಳು. ಎಲ್ಲವೂ ಇತ್ತು. ಆಮೇಲಷ್ಟೇ ಚೀಲದಲ್ಲಿ ಏನಿತ್ತೆಂದು ಕೇಳಿದಳು. ಡಾಬು ಅಂದಾಗ ಸುಗ್ರಾಳ ಮುಖ ಬಿಳಿಚಿತು. ತಾನೇ ಓಡಾಡಿ ರೈಲ್ವೆಯವರಿಗೆ ಹೇಳಿದಳು. ಅವರು ಹೆಸರು, ಊರು ಕೇಳಿದರು.

"ದುರ್ಗ. ಜಾಡಮಾಲಿ ಕೇರಿ," ಅಂದಳು ಮಲ್ಲಕ್ಕ.

ಸುಗ್ರಾ ತನ್ನ ಕೈಯ ಬೆಳ್ಳಿ ಬಳೆ ಬಿಚ್ಚಿ ಮುಂದೆ ಹಿಡಿದಳು. "ನಾನು ಹೇಳದಿದ್ರೆ ನಿನ್ ಚೀಲ ನಿನ್ ಕೈಯಾಗೇ ಇರ್ತಿತ್ತು."

"ಮದ್ವೆಗೆ ಹೊಂಟೀರ, ಬರಿಗೈಲಿ ಹೋಗಬ್ಯಾಡ್ರಿ," ಎಂದು ಮಲ್ಲಕ್ಕ ಎದ್ದಳು.

ಮನೆಗೆ ಬಂದು ಹೇಳಿದಾಗ ಜಯಕ್ಕ ಮೊದಲು ರೇಗಿದಳು. ಕಂಡವರ ಟ್ರಂಕು ಕಾಯಲು ನಿನಗೇನಾಗಿತ್ತು ಎಂದಳು. ತಾಯಿಯ ಕಣ್ಣು ನೋಡಿ ಮುದ್ದೆ ಇಕ್ಕಿದಳು. ಮಲ್ಲಕ್ಕ ಉಂಡು ಮಲಗಿದವಳು ಮರುದಿನ ಬಿಸಿಲೇರುವವರೆಗೂ ಏಳಲಿಲ್ಲ.

ದುರ್ಗಕ್ಕೆ ಮರಳಿದಾಗ ಗುತ್ತಿಗೆದಾರನ ಗಾಡಿಗಳು ಓಡಾಡುತ್ತಿದ್ದವು. ಮೊದಲು ಬಂದವರಿಗೆ ಕೆಲಸವೆಂದು ಸಾರಿದ್ದರು, ಅರ್ಧದಷ್ಟು ಮಂದಿ ಎದ್ದು ಹೋಗಿದ್ದರು. ಕಚೇರಿಯ ಮುಂದೆ ಉಳಿದವರ ನಡುವೆ ಓಬಯ್ಯ ಟವೆಲು ತಲೆಗೆ ಹಾಕಿಕೊಂಡು ಕೂತಿದ್ದ. ಅವಳು ಪಕ್ಕದಲ್ಲಿ ಕೂತು ನಡೆದದ್ದೆಲ್ಲ ಹೇಳಿದಳು. ಅವನು ಬೈಯಲಿಲ್ಲ. ಕೊನೆಗಾಲಕ್ಕೆ ಅದೊಂದಾದರೂ ಐತೆ ಅಂತ ಇದ್ದೆವು ಎಂದಷ್ಟೇ ಅಂದ.

"ನಾನು ಗುತ್ತಿಗ್ಯೋರ ತಾವ ಹೋಗ್ತೀನಿ," ಅಂದಳು ಅವಳು. "ಇನ್ ನನ್ ಕೈಲಿ ಆಗಲ್ಲ."

ಓಬಯ್ಯ ಟವೆಲು ಸರಿಪಡಿಸಿಕೊಂಡ. "ನೀನು ಹೋಗು. ನಾನು ಕುಂತಿರ್ತೀನಿ."

ಕೂಲಿ ಮೊದಲಿಗಿಂತ ಕಡಿಮೆ, ರಜೆಯಿಲ್ಲ. ಮುಷ್ಕರಕ್ಕೆ ಮೊದಲು ಅವಳ ಜೊತೆಗೇ ಬೀದಿ ಗುಡಿಸುತ್ತಿದ್ದ ನಾಗಕ್ಕ ಎದುರಾದರೆ ಮುಖ ತಿರುಗಿಸುತ್ತಿದ್ದಳು. ಮಲ್ಲಕ್ಕ ಅದಕ್ಕೆ ನೊಂದುಕೊಳ್ಳಲಿಲ್ಲ, ತಾನಾಗಿದ್ದರೂ ಹಾಗೇ ಮಾಡುತ್ತಿದ್ದೆ ಅನಿಸಿತು. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ನಾಗಕ್ಕನೂ ಗುತ್ತಿಗೆ ಕೆಲಸಕ್ಕೆ ಬಂದಳು. ಓಬಯ್ಯ ಮಾತ್ರ ಬರಲಿಲ್ಲ; ಆಮೇಲೆ ಅವನನ್ನು ಕೆಲಸಕ್ಕೆ ಕರೆದವರೂ ಇಲ್ಲ. ಮಧ್ಯಾಹ್ನ ಕೆಲಸ ಬಿಟ್ಟ ಮೇಲೆ ಮಲ್ಲಕ್ಕ ಕಚೇರಿಯ ಕಡೆಗೆ ನಡೆದು, ಅವನ ಪಕ್ಕದಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಬಿಸಿಲು ಇಳಿದ ಮೇಲೆ ಇಬ್ಬರೂ ಎದ್ದು ಮನೆಗೆ ಹೋಗುತ್ತಿದ್ದರು.