ಮುಚ್ಚಳದ ಮೇಲಿನ ಕುಂಕುಮ

ನಾನು ಒಂದು ಹಸಿರು ಪ್ಲಾಸ್ಟಿಕ್ ಡಬ್ಬಿ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಬಿಳಿ ಮುಚ್ಚಳ. ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಊದಿ ನನ್ನನ್ನು ಮಾಡಿದರು. ಹುಟ್ಟಿದಾಗ ನನ್ನೊಳಗೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ನನ್ನ ನೆಮ್ಮದಿಯ ದಿನಗಳೆಂದರೆ ಅವೇ.

ಆಮೇಲೆ ಒಂದು ಶೆಡ್ಡಿನಲ್ಲಿ ನನ್ನೊಳಗೆ ತೂಕ ಇಳಿಸುವ ಕ್ಯಾಪ್ಸೂಲುಗಳನ್ನು ತುಂಬಿದರು. ಅವುಗಳಲ್ಲಿ ನೆಲ್ಲಿ, ಅಳಲೆ, ತಾರೆಕಾಯಿಗಳ ಪುಡಿ ಇತ್ತು. ಮಹಾ ಬಾಯಿಬಡುಕರು. ಎಲ್ಲಿ ಬೆಳೆದೆವು, ಯಾರು ಕಿತ್ತರು, ಯಾವ ಅಂಗಳದಲ್ಲಿ ಒಣಗಿದೆವು ಎಂದು ಹರಟುತ್ತಲೇ ಇದ್ದವು. ಅವುಗಳ ನಡುವೆ ಇನ್ನೊಬ್ಬನಿದ್ದ, ಬಿಳಿ ಪುಡಿ. ಶೆಡ್ಡಿನ ಯಜಮಾನ ಬಾಗಿಲು ಹಾಕಿಕೊಂಡು, ಹೆಸರಿಲ್ಲದ ಚೀಲದಿಂದ ಅವನನ್ನು ತೆಗೆದು ಬೆರೆಸಿದ್ದ. "ನಿನ್ನದು ಯಾವೂರು?" ಎಂದು ನೆಲ್ಲಿ ಕೇಳಿತು. ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ಉಳಿದವರೂ ಸುಮ್ಮನಾದರು. ಯಾರೋ ಉಸಿರು ಬಿಗಿಹಿಡಿದು ನನ್ನ ಹೊಟ್ಟೆಯಲ್ಲಿ ಕೂತಂತಿತ್ತು. ಮೈಮೇಲೆ ಚೀಟಿ ಅಂಟಿಸಿದರು: ನೂರಕ್ಕೆ ನೂರು ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ. ನನಗೇ ನಾಚಿಕೆಯಾಯಿತು.

ಹಿರಿಯೂರಿನ ಮಹಾದೇವಕ್ಕನ ಮನೆಗೆ ನಾವು ಹನ್ನೆರಡು ಡಬ್ಬಿಗಳು ಒಟ್ಟಿಗೆ ಬಂದೆವು. ಪ್ರತಿ ಮಂಗಳವಾರ ಮಧ್ಯಾಹ್ನ ಅಲ್ಲಿ ಹೆಂಗಸರು ಸೇರಿ ತೂಕ ನೋಡಿಕೊಳ್ಳುತ್ತಿದ್ದರು. ಬಳೆ, ಗೆಜ್ಜೆ, ಕೊನೆಗೆ ಸೆರಗಿನ ಪಿನ್ನನ್ನೂ ತೆಗೆದಿಡುತ್ತಿದ್ದರು. ತಾಳಿ ತೆಗೆಯುವಂತಿರಲಿಲ್ಲ. ಅದನ್ನು ಕೈಯಲ್ಲಿ ಮೇಲೆತ್ತಿ ಹಿಡಿದು ತೂಕದ ಯಂತ್ರ ಹತ್ತುತ್ತಿದ್ದರು, ಹಿಡಿದ ಕೈ ಪಕ್ಕದ ಮನೆಯದು ಎಂಬಂತೆ. ಮಹಾದೇವಕ್ಕ ಕೆಟ್ಟವಳಲ್ಲ. ನಮ್ಮೆಲ್ಲರ ಮುಚ್ಚಳಕ್ಕೂ ಕುಂಕುಮವಿಟ್ಟು, ಹನ್ನೊಂದನ್ನು ಹಂಚಿ, ಒಂದನ್ನು ತನಗೇ ಇಟ್ಟುಕೊಂಡಳು. "ನಾನೇ ತಗೊಂಡು ಒಂಬತ್ತು ಕೆಜಿ ಇಳಿದೀನಿ. ನನಗೇನಾಗೈತೆ?" ಎಂದಳು. ಅವಳು ಮಾಡಿದ ಪರೀಕ್ಷೆ ಅದೊಂದೇ.

ನಾನು ನಾಗವೇಣಿಯ ಪಾಲಿಗೆ ಬಂದೆ. ಅವಳು ಬಸ್ ಕಂಡಕ್ಟರ್, ದಪ್ಪ ಹೆಂಗಸು. ಸೀಟುಗಳ ನಡುವೆ ಅವಳು ನುಸುಳುವಾಗ, "ಅಕ್ಕಂಗೆ ಎರಡು ಟಿಕೆಟ್ ಹರೀಬೇಕು" ಎಂದು ಯಾರಾದರೂ ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಮನೆಗೆ ಬಂದು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಡುತ್ತಿದ್ದಳು. ಅದನ್ನು ನೋಡುವಾಗ ನನಗೆ ಸಂಕಟವಾಗುತ್ತಿತ್ತು.

ರಜೆಯ ದಿನ ನನ್ನ ಜಾಗ ದೇವರ ಗೂಡು. "ಗಿಡದ್ದು, ದೇವರ ಹತ್ರನೇ ಇರಲಿ" ಎಂದು ಅವಳೇ ಇಟ್ಟಿದ್ದಳು. ಅವಳ ಅತ್ತೆ ತಿಪ್ಪಮ್ಮ ಮಂಗಳಾರತಿ ಎತ್ತಿದಾಗ ಬೆಳಕು ನನ್ನ ಮೈ ದಾಟಿ ಒಳಗೆ ಬರುತ್ತಿತ್ತು. ಆರತಿ ಒಳಗಿದ್ದವನಿಗೂ ಸಲ್ಲುತ್ತಿತ್ತು.

ಎರಡೇ ತಿಂಗಳಲ್ಲಿ ಅವಳ ರವಿಕೆ ಸಡಿಲವಾಯಿತು. ಮಹಾದೇವಕ್ಕನಿಂದ ಹೊಸ ಕ್ಯಾಪ್ಸೂಲು ತಂದು ನನ್ನಲ್ಲೇ ತುಂಬಿದಳು. ಜನ ಹೊಗಳಿದರು. ಆದರೆ ಅವಳ ಬಾಯಿ ಒಣಗುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ನಾನು ಅವಳ ಚೀಲದಲ್ಲಿ, ಪಕ್ಕೆಗೆ ಒತ್ತಿಕೊಂಡು ಇರುತ್ತಿದ್ದೆ. ಒಂದು ದಿನ ಬಸ್ಸು ನಿಂತು ಎಂಜಿನ್ ಆಫ್ ಆದ ಮೇಲೂ ಸದ್ದು ನಿಲ್ಲಲಿಲ್ಲ. ಅದು ಅವಳ ಎದೆಬಡಿತ. ಆಗ ನನ್ನೊಳಗಿದ್ದ ಬಿಳಿಯವನು ಮೊದಲ ಸಲ ಅಲುಗಾಡಿದ. ಅವಳ ಮೈಯೊಳಗೆ ಹೋದ ತನ್ನವರ ಕರೆಗೆ ಓಗೊಡುತ್ತಿದ್ದನೋ ಏನೋ.

ಅವಳು ಡಾಕ್ಟರ ಹತ್ತಿರ ಹೋದಳು. ಅವರು ಬಿಪಿ ನೋಡಿ, "ಏನಾದ್ರೂ ಔಷಧಿ ತಗೋತಿದ್ದೀರಾ?" ಎಂದರು.

"ಇಲ್ಲ ಸಾರ್, ಒಂದು ಮಾತ್ರೆನೂ ಇಲ್ಲ."

ಸುಳ್ಳಲ್ಲ. ಗಿಡಮೂಲಿಕೆ ಅವಳ ಲೆಕ್ಕದಲ್ಲಿ ಔಷಧಿಯೇ ಅಲ್ಲ. ನಾನು ಅವಳ ಮಡಿಲಲ್ಲೇ, ಚೀಲದೊಳಗಿದ್ದೆ. ಕೂಗಬೇಕೆನಿಸಿತು. ಡಬ್ಬಿಗೆ ಬಾಯಿ ಇದ್ದರೂ ಅದನ್ನು ತೆರೆಯುವುದು ಬೇರೆಯವರು.

ಮರುವಾರ ದೇವರ ಗೂಡಿನ ಮುಂದೆ ನನ್ನ ಮುಚ್ಚಳ ತಿರುವುತ್ತಿದ್ದವಳು ಹಾಗೇ ಕುಸಿದಳು. ನಾನು ಉರುಳಿದೆ. ಒಂದು ಕ್ಯಾಪ್ಸೂಲು ಅವಳ ಕೈಯಡಿ ಸಿಕ್ಕಿ ಒಡೆಯಿತು. ಓಡಿಬಂದ ತಿಪ್ಪಮ್ಮ ಸೊಸೆಯ ತಲೆಯನ್ನು ತೊಡೆಗೆ ಎತ್ತಿಕೊಂಡಳು. ಆಗ ನೆಲದ ಮೇಲೆ ಕಂದು ಪುಡಿಯ ನಡುವೆ ಚೆಲ್ಲಿದ್ದ ಬಿಳಿ ಪುಡಿ ಅವಳ ಕಣ್ಣಿಗೆ ಬಿತ್ತು. ಆಯುಷ್ಯವೆಲ್ಲ ಬಾಣಂತಿಯರಿಗೆ ಕಾಯಿ ಬೇರು ಕುಟ್ಟಿದವಳು ಅವಳು. "ಯಾವ ಬೇರು ಕುಟ್ಟಿದ್ರೂ ಇಷ್ಟು ಬೆಳ್ಳಗೆ ಬರಲ್ಲ" ಎಂದು, ನನ್ನನ್ನು ಮಡಿಲಿಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಟಳು. ಅವಳ ಕಾಲಿಗೆ ಬೀಳಬೇಕೆನಿಸಿತು.

ನಾಗವೇಣಿ ಉಳಿದಳು. ಐದನೇ ದಿನ ಮಹಾದೇವಕ್ಕ ಎಳನೀರು ಹಿಡಿದು ನೋಡಲು ಬಂದಳು. ನಾನು ಮೇಜಿನ ಮೇಲಿದ್ದೆ.

"ನೀನೂ ಬಿಟ್ಟುಬಿಡಕ್ಕ," ಎಂದಳು ನಾಗವೇಣಿ.

"ನಿನ್ನ ಮೈಗೆ ಒಗ್ಗಲಿಲ್ಲ ಕಣೆ, ಅಷ್ಟೇ. ನನಗೆ ಒಗ್ಗೈತೆ."

ಆಸ್ಪತ್ರೆಯವರು ನನಗೆ ಅರಗಿನ ಮುದ್ರೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಬಿಳಿಯವನ ಗುಟ್ಟು ಹೊರಬಿತ್ತು. ಹೃದಯಕ್ಕೆ ಅಪಾಯವೆಂದು ಎಂದೋ ನಿಷೇಧಿಸಿದ ಔಷಧವಂತೆ. ವರದಿ ಬರೆದು, ಉಳಿದ ಮೂರು ಕ್ಯಾಪ್ಸೂಲುಗಳ ಸಮೇತ ನನ್ನನ್ನು ಕಪಾಟಿನಲ್ಲಿಟ್ಟರು. ಇಲ್ಲಿ ನನ್ನಂಥವರು ಸಾಲಾಗಿದ್ದಾರೆ. ಒಬ್ಬೊಬ್ಬರ ಮೈಮೇಲೆ ಒಂದೊಂದು ಎಲೆ, ಒಂದೊಂದು ಹೂವು. ಒಳಗೆ ಮಾತ್ರ ಎಲ್ಲರಲ್ಲೂ ಅದೇ ಮೌನ.

ನಿನ್ನೆ ನನ್ನ ಪಕ್ಕಕ್ಕೆ ಇನ್ನೊಂದು ಹಸಿರು ಡಬ್ಬಿ ಬಂತು. ಮುಚ್ಚಳದ ಮೇಲೆ ಕುಂಕುಮವಿತ್ತು. ಆ ಕುಂಕುಮ ಇಟ್ಟ ಕೈ ಯಾವುದೆಂದು ನನಗೆ ಗೊತ್ತು. ಕೊರಳಿಗೆ ಕಟ್ಟಿದ ಚೀಟಿಯಲ್ಲಿ ಬರೆದಿದ್ದರು: ಮಹಾದೇವಿ, ಹಿರಿಯೂರು. ಮೃತರ ಮನೆಯಲ್ಲಿ ಸಿಕ್ಕಿದ್ದು.

ಹನ್ನೆರಡರಲ್ಲಿ ಇಬ್ಬರು ಇಲ್ಲಿದ್ದೇವೆ. ಉಳಿದ ಹತ್ತು ಮನೆಗಳಿಂದ ಯಾರೂ ನಮ್ಮವರನ್ನು ತಂದುಕೊಟ್ಟಿಲ್ಲ. ಕಪಾಟಿನ ಬಾಗಿಲು ಸದ್ದು ಮಾಡಿದಾಗಲೆಲ್ಲ ನಾನು ಬರುವ ಡಬ್ಬಿಯ ಮುಚ್ಚಳ ನೋಡುತ್ತೇನೆ.